ಎಣಿಸದೇ ಬರೆದ 18

ಕೊಪ್ಪಳದಿಂದ ರೈಲ್ವೆ ಹಳಿ ದಾಟಿದರೆ ಭಾಗ್ಯನಗರ. ಇಲ್ಲಿ ಒಂದು ಓಣಿಯಲ್ಲಿ ಮಗ್ಗದ ಸದ್ದು, ಇನ್ನೊಂದು ಓಣಿಯಲ್ಲಿ ಸದ್ದೇ ಇಲ್ಲದ ಕೂದಲಿನ ಕೆಲಸ. ಬಾಚಣಿಕೆಗೆ ಬಂದ ಕೂದಲು ಗಂಟುಗಂಟಾಗಿ ಚೀಲದಲ್ಲಿ ಬರುತ್ತದೆ. ಅದನ್ನು ಬಿಡಿಸಿ, ಉದ್ದ ನೋಡಿ ಬೇರೆ ಮಾಡಿ, ಕಟ್ಟು ಕಟ್ಟಿ ಕೊಟ್ಟರೆ ತೂಕದ ಮೇಲೆ ಕೂಲಿ. ಹತ್ತು ಹನ್ನೊಂದು ವರ್ಷ ನಾನು ಮಾಡಿದ್ದು ಇದೇ. 2011ರಲ್ಲಿ ಪಿಯುಸಿ ಸೈನ್ಸ್ ಪಾಸಾಗಿದ್ದೆ ಅನ್ನುವುದು ನನಗೇ ಮರೆತು ಹೋಗಿತ್ತು. ಬಿ.ಎಸ್ಸಿ ನರ್ಸಿಂಗ್ ಸೇರಲು ಪಿಸಿಬಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ಮತ್ತು ಇಂಗ್ಲಿಷ್ ಸೇರಿ 45 ಪರ್ಸೆಂಟ್ ಸಾಕು, ಆದರೆ 35 ವರ್ಷ ದಾಟಿದರೆ ಸೀಟಿಲ್ಲ ಎಂದು ಯಾರೋ ಹೇಳಿದಾಗ ನನಗೆ 31. ಹಳೇ ಟ್ರಂಕಿನಿಂದ ಮಾರ್ಕ್ಸ್ ಕಾರ್ಡ್ ತೆಗೆದು ನೋಡಿದೆ. 48 ಇತ್ತು.

ಸೀಟು, ಸಾಲ, ಮನೆಯವರನ್ನು ಒಪ್ಪಿಸಿದ್ದು ಇವೆಲ್ಲ ಬೇರೆಯೇ ಕಥೆ, ಅದು ಇಲ್ಲಿ ಬೇಡ. ಸೇರಿದ ಮೇಲಿನ ಮೊದಲ ಆರು ತಿಂಗಳು ಹೇಗೆ ದಾಟಿದೆ ಅನ್ನುವುದನ್ನಷ್ಟೇ ಹೇಳುತ್ತೇನೆ.

ಮೊದಲ ಸೆಮಿಸ್ಟರಿಗೆ ಅನಾಟಮಿ (ದೇಹದ ರಚನೆ), ಫಿಸಿಯಾಲಜಿ (ದೇಹ ಕೆಲಸ ಮಾಡುವ ಬಗೆ), ಸೋಷಿಯಾಲಜಿ, ಸೈಕಾಲಜಿ, ಇಂಗ್ಲಿಷ್, ನರ್ಸಿಂಗ್ ಫೌಂಡೇಶನ್. ಕೇಳಲಿಕ್ಕೆ ಆರು ವಿಷಯ. ನಿಜಕ್ಕೂ ಕುತ್ತಿಗೆಗೆ ಬರುವುದು ಎರಡೇ, ಅನಾಟಮಿ ಮತ್ತು ಫಿಸಿಯಾಲಜಿ. ಸೆಮಿಸ್ಟರ್ ಪರೀಕ್ಷೆಯಲ್ಲಿ ಎರಡೂ ಒಂದೇ ಪೇಪರಿನಲ್ಲಿ ಬರುತ್ತವೆ: 37 ಅಂಕಕ್ಕೆ ಅದು, 38ಕ್ಕೆ ಇದು. ಸೋಷಿಯಾಲಜಿ ನನ್ನಂಥವರಿಗೆ ಸಲೀಸು. ಕುಟುಂಬ, ಜಾತಿ, ವರದಕ್ಷಿಣೆ ಅಂದರೆ ಏನೆಂದು ಹದಿನೆಂಟರ ಹುಡುಗಿಯರು ಪುಸ್ತಕ ನೋಡಿ ಬರೆಯುತ್ತಿದ್ದರು, ನನಗೆ ಪುಸ್ತಕ ಬೇಕಿರಲಿಲ್ಲ.

ಎಲ್ಲರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ. ಈ ವಯಸ್ಸಿನಲ್ಲಿ ನೆನಪು ಉಳಿಯುತ್ತದೆಯೇ? ಉಳಿಯುತ್ತದೆ. ಇಡೀ ಓಣಿಯ ಬಾಕಿ ಲೆಕ್ಕ ಬಾಯಲ್ಲಿ ಇಟ್ಟುಕೊಂಡವಳಿಗೆ 206 ಎಲುಬು ಭಾರವಲ್ಲ. ನನ್ನ ತೊಂದರೆ ಇಂಗ್ಲಿಷ್. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಶಾಲೆ, ಪಿಯುಸಿಯಲ್ಲಿ ಪುಸ್ತಕ ಇಂಗ್ಲಿಷ್ ಆದರೂ ಪಾಠ ಕನ್ನಡದಲ್ಲೇ. ಈಗ ಒಂದು ಪುಟ ಓದಲಿಕ್ಕೆ ನಲವತ್ತು ನಿಮಿಷ. ಓದಿ ಮುಗಿಸಿದಾಗ ಪುಟದ ತಲೆಯಲ್ಲಿ ಏನಿತ್ತು ಎಂದು ಕೇಳಿದರೆ ಗೊತ್ತಿಲ್ಲ. ಮೊದಲ ಒಂದು ತಿಂಗಳು ಉಳಿದವರ ಹಾಗೆ ಬಾಯಿಪಾಠ ಮಾಡಿದೆ. ಕಾಲೇಜಿನಲ್ಲೇ ನಡೆಸುವ ಮೊದಲ ಇಂಟರ್ನಲ್ ಪರೀಕ್ಷೆಯಲ್ಲಿ ಫಿಸಿಯಾಲಜಿಗೆ 30ಕ್ಕೆ 9 ಬಂತು.

ಆ ಉತ್ತರ ಪತ್ರಿಕೆ ಇನ್ನೂ ನನ್ನ ಹತ್ತಿರ ಇದೆ. ರಕ್ತ ಪರಿಚಲನೆ ಬಗ್ಗೆ ಮೂರು ಪುಟ ಬರೆದಿದ್ದೆ, ಒಂದು ಚಿತ್ರವಿಲ್ಲ, ಒಂದು ತಲೆಬರಹವಿಲ್ಲ. ಗೊತ್ತಿದ್ದದ್ದನ್ನೆಲ್ಲ ಪತ್ರ ಬರೆದ ಹಾಗೆ ಬರೆದಿದ್ದೆ. ಮೇಡಂ ಕರೆದು ಕೂಡಿಸಿಕೊಂಡು ಹೇಳಿದರು: ಮೊದಲು ಡೆಫಿನಿಷನ್, ಆಮೇಲೆ ವಿಧಗಳು, ಚಿತ್ರ ಬರೆದು ಹೆಸರು ಹಾಕು, ಕೊನೆಗೆ ವಿವರಣೆ. ಐದು ನಿಮಿಷದ ಮಾತು. ಅದನ್ನು ಯಾರಾದರೂ ಮೊದಲನೇ ವಾರವೇ ಹೇಳಿದ್ದರೆ ಎಂದು ಈಗಲೂ ಅನಿಸುತ್ತದೆ. ನಿನ್ನೆ ಮೊನ್ನೆ ಪಿಯುಸಿ ಮುಗಿಸಿ ಬಂದವರಿಗೆ ಅದು ಕೈಯಲ್ಲೇ ಇರುತ್ತದೆ. ಹದಿಮೂರು ವರ್ಷ ಪೆನ್ನು ಹಿಡಿಯದವಳಿಗೆ ಹೇಳಿಯೇ ಕೊಡಬೇಕು.

ಅಂದಿನಿಂದ ಕ್ರಮ ಬದಲಿಸಿದೆ. ಯಾವ ಪಾಠವಾದರೂ ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿಕೊಳ್ಳುವುದು, ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದು, ರಾತ್ರಿ ಕೂದಲು ಬಿಡಿಸುವಾಗ ಕೇಳುವುದು (ಕೂಲಿ ಪೂರ್ತಿ ಬಿಟ್ಟಿರಲಿಲ್ಲ, ಬಿಡುವ ಹಾಗೂ ಇರಲಿಲ್ಲ). ಬೆಳಗಿನ ಜಾವ ಅದೇ ಪಾಠವನ್ನು ಇಂಗ್ಲಿಷ್ ಶಬ್ದ ಹಾಕಿ ಬರೆಯುವುದು. ಮೈಯೆಲ್ಲ ಸುತ್ತಿ ಕೆಟ್ಟ ರಕ್ತ ಹೃದಯದ ಬಲಗಡೆ ಮೇಲಿನ ಕೋಣೆಗೆ ಬರುತ್ತದೆ, ಕೆಳಗಿನ ಕೋಣೆಗೆ ಇಳಿಯುತ್ತದೆ, ಅಲ್ಲಿಂದ ಪುಪ್ಪುಸಕ್ಕೆ ಹೋಗಿ ಗಾಳಿ ತುಂಬಿಕೊಂಡು ಎಡಗಡೆ ಮೇಲಿನ ಕೋಣೆಗೆ ಬಂದು, ಕೆಳಗಿಳಿದು ಮತ್ತೆ ಮೈಗೆ. ಇಷ್ಟು ಕನ್ನಡದಲ್ಲಿ ಕೂತುಬಿಟ್ಟರೆ ಬಲಗಡೆ ಟ್ರೈಕಸ್ಪಿಡ್, ಎಡಗಡೆ ಮೈಟ್ರಲ್ ಅನ್ನುವುದು ಎರಡು ಕೋಣೆಗಳ ನಡುವಿನ ಬಾಗಿಲಿಗೆ, ಅಂದರೆ ವಾಲ್ವಿಗೆ, ಬರೆದ ಹೆಸರಷ್ಟೇ.

ಏಳನೇ ಕ್ಲಾಸಿನ ಮಗಳಿಗೆ ವಾಲ್ವ್ ಅಂದರೇನು ಎಂದು ಹೇಳಿಕೊಡುವಾಗ ತುಂಗಭದ್ರಾ ಅಣೆಕಟ್ಟೆಯ ಉದಾಹರಣೆ ಕೊಟ್ಟೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋಗಿದ್ದು ನಮ್ಮ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಗೇಟು ಹೋದರೆ ನೀರು ನಿಲ್ಲುವುದಿಲ್ಲ, ವಾಲ್ವ್ ಸಡಿಲಾದರೆ ರಕ್ತ ನಿಲ್ಲದೆ ಹಿಂದಕ್ಕೆ ಬರುತ್ತದೆ ಅಂದೆ. ಅವಳು, ‘ಮಮ್ಮಿ, ಡ್ಯಾಮಿನ ನೀರು ಮುಂದಕ್ಕ ಹೋತು. ನೀ ರಕ್ತ ಹಿಂದಕ್ಕ ಬರ್ತೈತಿ ಅಂತೀ’ ಅಂದಳು. ಸರಿಯಾಗಿಯೇ ಇತ್ತು. ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ರಕ್ತ ಬಂದ ದಾರಿಯಲ್ಲೇ ವಾಪಸ್ ಸೋರುತ್ತದೆ, ಅದೇ ರಿಗರ್ಜಿಟೇಶನ್. ಆ ಪ್ರಶ್ನೆ ಪರೀಕ್ಷೆಗೆ ಬರಲಿಲ್ಲ, ಬಂದಿದ್ದರೆ ಪೂರ್ತಿ ಅಂಕ ಮಗಳದ್ದೇ.

ಇನ್ನೊಂದು ಕೆಲಸಕ್ಕೆ ಬಂದದ್ದು ತುಂಡು ಶಬ್ದಗಳ ಪುಸ್ತಕ. ಬ್ರಾಡಿ ಅಂದರೆ ನಿಧಾನ, ಟ್ಯಾಕಿ ಅಂದರೆ ಜೋರು, ಹೈಪೋ ಕಡಿಮೆ, ಹೈಪರ್ ಹೆಚ್ಚು, ಆಸ್ಟಿಯೋ ಎಲುಬು, ಐಟಿಸ್ ಉರಿಯೂತ. ಇಂಥವನ್ನು ಮಗಳ ಹಳೇ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಐದರಂತೆ ಬರೆದೆ. ಎರಡು ತಿಂಗಳಲ್ಲಿ ಪುಸ್ತಕದ ಉದ್ದುದ್ದ ಶಬ್ದಗಳು ಗಂಟು ಬಿಚ್ಚಿದ ಕೂದಲಿನ ಹಾಗೆ ಎಳೆ ಎಳೆಯಾಗಿ ಕಾಣತೊಡಗಿದವು. ಮಣಿಕಟ್ಟಿನ ಎಂಟು ಕಾರ್ಪಲ್ ಎಲುಬುಗಳಿಗೆ ಮಾತ್ರ ಇದು ನಡೆಯಲಿಲ್ಲ. ಕ್ಲಾಸಿನ ಹುಡುಗಿಯರು ಇಂಗ್ಲಿಷ್ ಪ್ರಾಸದ ಸಾಲು ಕಟ್ಟಿಕೊಂಡಿದ್ದರು, ನನಗೆ ಎಲುಬಿಗಿಂತ ಆ ಸಾಲೇ ಕಷ್ಟ. ಸ್ಕ್ಯಾಫಾಯ್ಡ್‌ನಿಂದ ಹ್ಯಾಮೇಟ್‌ವರೆಗೆ ಪೆನ್ನಿನಿಂದ ನನ್ನ ಎಡಗೈ ಮೇಲೆಯೇ ಬರೆದುಕೊಂಡು ತಿರುಗಿದೆ.

ಅದು ಜನವರಿ, ಗವಿಮಠದ ಜಾತ್ರೆ ಹತ್ತಿರ. ಮಹಾದಾಸೋಹಕ್ಕೆ ಊರೂರಿನಿಂದ ರೊಟ್ಟಿ ಹೋಗುತ್ತದೆ, ನಮ್ಮ ಓಣಿಯಲ್ಲೂ ಹೆಂಗಸರೆಲ್ಲ ಸೇರಿ ಬಡಿಯುತ್ತೇವೆ. ಎರಡನೇ ಇಂಟರ್ನಲ್ ಅದೇ ವಾರ. ‘ಕೈಮ್ಯಾಲ ಏನವಾ ಅದು, ಗೋರಂಟಿ ಹಾಕ್ಕೊಂಡಿಯೇನ?’ ಎಂದು ಅತ್ತೆ ಕೇಳಿದರು. ಎಲುಬು ಅಂದೆ. ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಮಣಿಕಟ್ಟು ಒತ್ತಿ ನೋಡಿಕೊಂಡರು. ಹೆಬ್ಬೆರಳಿನ ಬುಡದಲ್ಲಿ ನೋವಾಗುತ್ತದೆ, ಅದು ಯಾವ ಎಲುಬು ಎಂದು ಒಬ್ಬರು ಕೇಳಿದರು. ಟ್ರಪೀಜಿಯಂ ಇರಬಹುದು ಅಂದೆ, ಡಾಕ್ಟರಿಗೆ ತೋರಿಸಿ ಅಂತಲೂ ಅಂದೆ. ಎಂಟೂ ಹೆಸರು ಅವತ್ತು ರೊಟ್ಟಿ ಬಡಿಯುತ್ತಲೇ ಬಾಯಿಗೆ ಬಂದವು. ಎರಡನೇ ಇಂಟರ್ನಲ್‌ನಲ್ಲಿ 30ಕ್ಕೆ 19.

ನರ್ಸಿಂಗ್ ಫೌಂಡೇಶನ್‌ನಲ್ಲಿ ಪಾಠದ ಜೊತೆ ಲ್ಯಾಬ್ ಉಂಟು, 160 ತಾಸು ವಾರ್ಡಿನ ಪೋಸ್ಟಿಂಗ್ ಉಂಟು. ಬೆಡ್ ಮೇಕಿಂಗ್ ಬೇಗ ಬಂತು. ಚಾದರದ ಮೂಲೆ ಮಡಚುವುದು, ದಿಂಬಿನ ಚೀಲದ ಬಾಯಿ ಬಾಗಿಲ ಕಡೆ ಕಾಣದ ಹಾಗೆ ಇಡುವುದು ಇಂಥದ್ದಕ್ಕೆಲ್ಲ ಕೈ ಪಳಗಿತ್ತು. ಕೈ ತೊಳೆಯುವುದು ಮಾತ್ರ ಮೂವತ್ತು ವರ್ಷ ತಪ್ಪಾಗಿ ಮಾಡಿದ್ದೆ ಎಂದು ಅಲ್ಲಿ ಗೊತ್ತಾಯಿತು. ಸೋಪು ನೀರಿನಲ್ಲಿ 40ರಿಂದ 60 ಸೆಕೆಂಡು, ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ ಬಿಡದೆ. ಬಿ.ಪಿ. ನೋಡಲು ಮೊದಲ ಸಲ ಸ್ಟೆತಸ್ಕೋಪ್ ಹಾಕಿದಾಗ ಏನೂ ಕೇಳಿಸಲಿಲ್ಲ. ನನ್ನ ಕಿವಿಯೇ ಮಂದವಾಯಿತೇನೋ ಎಂದು ಹೆದರಿ ಎರಡು ದಿನ ಯಾರಿಗೂ ಹೇಳಲಿಲ್ಲ. ಕಿವಿಗೆ ಹಾಕುವ ತುದಿಗಳು ಮೂಗಿನ ಕಡೆ ಮುಂದಕ್ಕೆ ಬಾಗಿರಬೇಕು, ನಾನು ತಿರುವಿ ಹಾಕಿದ್ದೆ. ಪಕ್ಕದಲ್ಲಿದ್ದ ಹತ್ತೊಂಬತ್ತರ ಹುಡುಗಿ ಏನೂ ಮಾತಾಡದೆ ತಿರುಗಿಸಿ ಕೊಟ್ಟಳು. ಟಪ್ ಟಪ್ ಅನ್ನುವ ಸದ್ದು ಅವತ್ತು ಮೊದಲ ಸಲ ಕೇಳಿದೆ. ಅವಳಿಗೆ ರಕ್ತ ಕಂಡರೆ ತಲೆ ತಿರುಗುತ್ತಿತ್ತು, ಡ್ರೆಸ್ಸಿಂಗ್ ಮಾಡುವಾಗ ನಾನು ಅವಳ ಬೆನ್ನ ಹಿಂದೆ ನಿಲ್ಲುತ್ತಿದ್ದೆ. ಹೀಗೆ ಲೆಕ್ಕ ಚುಕ್ತಾ.

ಈಗ ಹೇಳಲಿಕ್ಕೆ ನಾಚಿಕೆಯಾಗುವ ಮಾತು. ವಾರ್ಡಿನಲ್ಲಿ ಟಿ.ಪಿ.ಆರ್. ಬರೆಯುವ ಕೆಲಸ ನಮ್ಮದು: ಟೆಂಪರೇಚರ್, ನಾಡಿ, ಉಸಿರು. ಜ್ವರಕ್ಕೆ ಥರ್ಮಾಮೀಟರ್ ಇದೆ. ನಾಡಿಯಲ್ಲಿ ನನ್ನ ಬೆರಳು ಚುರುಕು, ಒಂದು ಎಳೆ ಕೂದಲು ಬೆರಳಿಗೆ ತಿಳಿಯುವವಳಿಗೆ ನಾಡಿ ತಪ್ಪುವುದಿಲ್ಲ. ಉಸಿರು ಎಣಿಸಲಿಕ್ಕೆ ಮಾತ್ರ ತಾಳ್ಮೆ ಬೇಕು, ಹತ್ತು ಹಾಸಿಗೆ ಮುಗಿಸುವ ಅವಸರದಲ್ಲಿ ಅದೇ ಮೊದಲು ಹೋಗುವುದು. ದೊಡ್ಡವರಿಗೆ 12ರಿಂದ 20 ನಾರ್ಮಲ್ ಎಂದು ಓದಿದ್ದೆ. ಎಲ್ಲರಿಗೂ 18 ಎಂದು ಬರೆದೆ. ಒಂದು ದಿನವಲ್ಲ, ನಾಲ್ಕು ದಿನ.

ಐದನೇ ದಿನ ಮೇಡಂ ಚಾರ್ಟ್ ನೋಡಿ ಏನೂ ಅನ್ನಲಿಲ್ಲ. ನನ್ನನ್ನು ಒಬ್ಬ ಅಜ್ಜನ ಹಾಸಿಗೆ ಹತ್ತಿರ ಕರೆದುಕೊಂಡು ಹೋಗಿ ವಾಚು ಕೈಗೆ ಕೊಟ್ಟರು. ‘ನಾಡಿ ಹಿಡಿದ ಹಾಗೇ ಹಿಡಿದಿರು, ಕಣ್ಣು ಎದೆ ಮೇಲೆ. ಉಸಿರು ಎಣಿಸ್ತೀವಿ ಅಂತ ಗೊತ್ತಾದರೆ ಅವರ ಉಸಿರು ಬದಲಾಗ್ತದೆ. ಪೂರ್ತಿ ಒಂದು ನಿಮಿಷ.’ ಎಣಿಸಿದೆ. ಇಪ್ಪತ್ತು ದಾಟಿತು, ಮುಳ್ಳು ಇನ್ನೂ ಅರ್ಧ ಸುತ್ತಿನ ಆಚೆ ಈಚೆ ಇತ್ತು. 32 ಬಂತು. ಹೊಟ್ಟೆಯೂ ಎದೆಯೂ ಒಟ್ಟಿಗೆ ಏರಿಳಿಯುತ್ತಿದ್ದವು, ಮೂಗಿನ ಹೊಳ್ಳೆ ಅರಳುತ್ತಿತ್ತು. ಇದು ಕಣ್ಣಿಗೆ ಕಾಣುವಂಥದ್ದೇ, ನಾನು ಮಾತ್ರ ಕಾಗದ ನೋಡಿಕೊಂಡು ಹೋಗಿದ್ದೆ. ಹಿಂದಿನ ಸಂಜೆಯ ಸಾಲಿನಲ್ಲಿ ನನ್ನದೇ ಅಕ್ಷರದಲ್ಲಿ 18. ಮೇಡಂ ಡಾಕ್ಟರಿಗೆ ತಿಳಿಸಿದರು, ಅಜ್ಜನಿಗೆ ಆಕ್ಸಿಜನ್ ಹಾಕಿದರು. ಎರಡು ದಿನಕ್ಕೆ ಉಸಿರು ಇಳಿಯಿತು, ಆಮೇಲೆ ಮನೆಗೂ ಹೋದರು. ಹಿಂದಿನ ಸಂಜೆ ಎಷ್ಟಿತ್ತೋ ಯಾರಿಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಬೇಕಾದವಳು ನಾನೇ ಆಗಿದ್ದೆ.

ಆ ಸೆಮಿಸ್ಟರಿನಲ್ಲಿ ಪುಸ್ತಕದಿಂದ ಕಲಿತದ್ದನ್ನೆಲ್ಲ ಒಂದು ತಟ್ಟೆಯಲ್ಲಿಟ್ಟರೆ ಈ ಒಂದು ನಿಮಿಷ ಇನ್ನೊಂದು ತಟ್ಟೆಗೆ. ಮನೆಯಲ್ಲಿ ರೋಗಿ ನೋಡಿಕೊಂಡ ಅನುಭವ ಇದೆ, ನಮಗೆ ವಾರ್ಡು ಹೊಸದಲ್ಲ ಅನ್ನುವ ಜಂಬ ನಮ್ಮಂಥ ದೊಡ್ಡವರಿಗೇ ಹೆಚ್ಚು. ನೋಡಿದ ತಕ್ಷಣ ‘ಆರಾಮ ಅದಾರ’ ಅಂದುಬಿಡುತ್ತೇವೆ. ಚಿಕ್ಕ ಹುಡುಗಿಯರು ಹೆದರಿಕೊಂಡಾದರೂ ಎಣಿಸುತ್ತಾರೆ.

ದುಡ್ಡಿನ ವಿಷಯ ಎರಡು ಮಾತಿನಲ್ಲಿ: ಬಸ್ಸಿಗೆ ಶಕ್ತಿ ಯೋಜನೆಯಿಂದ ಖರ್ಚಿಲ್ಲ, ಅನಾಟಮಿ ಪುಸ್ತಕ ಸೀನಿಯರ್ ಹತ್ತಿರ ಅರ್ಧ ಬೆಲೆಗೆ ಕೊಂಡೆ. ಬಿಳಿ ಶೂ ಮಾತ್ರ ಹೊಸದೇ ಬೇಕಾಯಿತು. ಹಾಜರಿ ಥಿಯರಿಗೆ 80 ಪರ್ಸೆಂಟ್ ಬೇಕು. ಮಗನಿಗೆ ಜ್ವರ ಬಂದ ವಾರ ಇದು ನನ್ನ ಬೆನ್ನು ಹತ್ತಿತ್ತು, ಗಿಣಿಗೇರಿಯ ಫ್ಯಾಕ್ಟರಿಯಲ್ಲಿ ದುಡಿಯುವ ಗಂಡ ಪಾಳಿ ಬದಲಿಸಿಕೊಂಡು ಮನೆಯಲ್ಲಿ ಉಳಿದರು. ಅದಕ್ಕಾಗಿ ನಾವಿಬ್ಬರೂ ಜಗಳವಾಡಿದ್ದೂ ಉಂಟು.

ರಿಸಲ್ಟ್ ಬಂದಾಗ ಎಲ್ಲದರಲ್ಲೂ ಪಾಸು. ಸೋಷಿಯಾಲಜಿ, ಸೈಕಾಲಜಿಯಲ್ಲಿ ಚೆನ್ನಾಗಿಯೇ ಬಂದಿತ್ತು, ಅನಾಟಮಿ ಫಿಸಿಯಾಲಜಿ 50 ಪರ್ಸೆಂಟಿನ ಗೆರೆಯ ಸ್ವಲ್ಪ ಮೇಲೆ. ಈಗ ಎರಡನೇ ಸೆಮಿಸ್ಟರ್, ಬಯೋಕೆಮಿಸ್ಟ್ರಿಯ ಶಬ್ದಗಳಿಗೆ ಇನ್ನೊಂದು ನೋಟ್‌ಬುಕ್ ಹಾಕಿದ್ದೇನೆ.

ಮೊನ್ನೆ ರಾತ್ರಿ ಅತ್ತೆ ಕೆಮ್ಮುತ್ತಿದ್ದರು. ನಿದ್ದೆ ಹತ್ತಿದೆ ಅಂದುಕೊಂಡು ಪಕ್ಕದಲ್ಲಿ ಕೂತು ಗೋಡೆ ಗಡಿಯಾರ ನೋಡುತ್ತ ಎಣಿಸುತ್ತಿದ್ದೆ. ಹದಿಮೂರಕ್ಕೆ ಬಂದಾಗ ಕಣ್ಣು ಬಿಟ್ಟು, ‘ಯಾಕವಾ, ನನ್ನ ಎದಿ ಏನ್ ನೋಡಾಕತ್ತಿ?’ ಅಂದರು. ಏನಿಲ್ಲ, ಮಲಗಿ ಅಂದೆ. ಅವರಿಗೆ ನಿದ್ದೆ ಹತ್ತುವವರೆಗೆ ಕಾದು, ಮತ್ತೆ ಒಂದರಿಂದ ಎಣಿಸಿದೆ.