ಸಂಘದ ಸದಸ್ಯತ್ವ ಶುಲ್ಕ ಏರಿಸಬೇಕೇ? ಮೊದಲು ಈ ಲೆಕ್ಕ ಹಾಕಿ

ಸಿವಿಲ್ ಎಂಜಿನಿಯರ್‌ಗಳ ಸಂಘ, ವೈದ್ಯರ ಸಂಘ, ತೆರಿಗೆ ಸಲಹೆಗಾರರ ಸಂಘ ಹೀಗೆ ಜಿಲ್ಲಾ ಕೇಂದ್ರಗಳಲ್ಲಿ ಒಂದಲ್ಲ ಒಂದು ವೃತ್ತಿ ಸಂಘ ಇದ್ದೇ ಇರುತ್ತದೆ. ವಾರ್ಷಿಕ ಮಹಾಸಭೆಯಲ್ಲಿ ಖಜಾಂಚಿ "ಖರ್ಚು ಜಾಸ್ತಿಯಾಗಿದೆ, ಇನ್ನೂರು ರೂಪಾಯಿ ಏರಿಸೋಣ" ಅನ್ನುತ್ತಾರೆ. ಹಿಂದಿನ ಸಾಲಿನಿಂದ "ಸಂಘದ ಪತ್ರಿಕೆ ಓದೋರೇ ಇಲ್ಲ, ಯಾಕೆ ಸಾರ್ ಏರಿಸ್ತೀರಿ?" ಅಂತ ಪ್ರಶ್ನೆ ಬರುತ್ತದೆ. ಯಾರ ಕೈಯಲ್ಲೂ ಲೆಕ್ಕ ಇಲ್ಲದಿದ್ದರೆ ಮಾತು ಅಲ್ಲೇ ನಿಲ್ಲುತ್ತದೆ.

ಒಬ್ಬ ಸದಸ್ಯರಿಗೆ ಎಷ್ಟು ಖರ್ಚು?

ಹೋದ ವರ್ಷದ ಆಡಿಟ್ ವರದಿ ತೆಗೆಯಿರಿ. ಕಚೇರಿ ಬಾಡಿಗೆ, ಗುಮಾಸ್ತರ ಸಂಬಳ, ಪತ್ರಿಕೆ, ಅಂಚೆ, ಕಾರ್ಯಾಗಾರ ಎಲ್ಲ ಕೂಡಿಸಿ. ಒಂದು ಸಂಘದ ವರ್ಷದ ಖರ್ಚು 5.6 ಲಕ್ಷ, ಸದಸ್ಯರು 700 ಅಂತ ಇಟ್ಟುಕೊಳ್ಳೋಣ. ತಲಾ 800 ರೂಪಾಯಿ ಬೀಳುತ್ತದೆ. ವಾರ್ಷಿಕ ಶುಲ್ಕವೂ 800. ಹಾಗಿದ್ದರೆ ಎಲ್ಲ ಸರಿಯಾಗಿದೆ, ಅಲ್ವಾ?

ಇಲ್ಲ. 700 ಜನರಲ್ಲಿ 300 ಜನ ಆಜೀವ ಸದಸ್ಯರು. ಅವರು ಎಂದೋ 5,000 ಕೊಟ್ಟಿದ್ದಾರೆ. ಆ ಹಣ ಬ್ಯಾಂಕಿನಲ್ಲಿ ಠೇವಣಿಯಾಗಿದೆ. ಶೇ 7ರ ಬಡ್ಡಿ ಅಂದರೂ ಒಬ್ಬರಿಂದ ವರ್ಷಕ್ಕೆ ಬರುವುದು 350 ರೂಪಾಯಿ. ಖರ್ಚು 800. ತಲಾ 450ರಂತೆ 300 ಜನರಿಗೆ 1.35 ಲಕ್ಷ ಕೊರತೆ. ಇದನ್ನು ಪೂರ್ತಿ ಉಳಿದ 400 ವಾರ್ಷಿಕ ಸದಸ್ಯರ ಮೇಲೆ ಹಾಕಿದರೆ ಅವರ ಶುಲ್ಕ ಸುಮಾರು 1,140 ಆಗುತ್ತದೆ.

ಇದು ನನಗೆ ಸರಿ ಕಾಣುವುದಿಲ್ಲ. ವಾರ್ಷಿಕ ಸದಸ್ಯರಲ್ಲಿ ಹೆಚ್ಚಿನವರು ಈಗಷ್ಟೇ ವೃತ್ತಿಗೆ ಬಂದವರು. ಸಭೆಯಲ್ಲಿ ಏರಿಕೆಗೆ ಕೈ ಎತ್ತುವ ಆಜೀವ ಸದಸ್ಯರು ಅದನ್ನು ಕಟ್ಟುವವರಲ್ಲ. ಹಾಗಂತ ಜೀವನಪೂರ್ತಿಗೆ ಎಂದು ಹಣ ಪಡೆದ ಮೇಲೆ ಅವರನ್ನು ಮತ್ತೆ ಕೇಳುವುದೂ ನ್ಯಾಯವಲ್ಲ. ಸ್ವಂತ ಇಚ್ಛೆಯಿಂದ ಕೊಟ್ಟರೆ ರಸೀದಿ ಹಾಕಿ ತೆಗೆದುಕೊಳ್ಳಿ, ಅಷ್ಟೇ.

ಸರಿಪಡಿಸಬಹುದಾದದ್ದು ಮುಂದಿನ ಆಜೀವ ಶುಲ್ಕ. ವಾರ್ಷಿಕ ಶುಲ್ಕದ ಹತ್ತು ಪಟ್ಟು ಅಂತ ಕಣ್ಣಂದಾಜಿಗೆ ಬರೆಯಬೇಡಿ. 800 ರೂಪಾಯಿ ಬಡ್ಡಿ ಬರಲು ಶೇ 7ರಲ್ಲಿ 11,400ಕ್ಕೂ ಜಾಸ್ತಿ ಠೇವಣಿ ಬೇಕು. ಬೆಲೆ ಏರುತ್ತಲೇ ಇರುವುದರಿಂದ 15,000 ಇಟ್ಟರೂ ಅತಿಯಾಗದು. ಆ ಹಣವನ್ನು ನಿಧಿಯಾಗಿ ಬೇರೆ ಇಡಿ, ದಿನದ ಖರ್ಚಿಗೆ ಮುಟ್ಟಬೇಡಿ. ಇನ್ನೊಂದು ಮಾತು: ಸದಸ್ಯರಿಂದ ಬರುವ ಚಂದಾ ಸಾಮಾನ್ಯವಾಗಿ ಆದಾಯ ತೆರಿಗೆಗೆ ಬರುವುದಿಲ್ಲ, ಆದರೆ ಬ್ಯಾಂಕ್ ಬಡ್ಡಿಗೆ ಆ ರಕ್ಷಣೆ ಇಲ್ಲ. 2013ರಲ್ಲಿ ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ.

ಸಾವಿರದ ಗಡಿ

ಜಿಎಸ್‌ಟಿಯಲ್ಲಿ ಒಂದು ವಿನಾಯಿತಿ ಇದೆ. ವಿಜ್ಞಾನ, ಶಿಕ್ಷಣ, ವ್ಯಾಪಾರ, ಸಮಾಜ ಕಲ್ಯಾಣ ಮೊದಲಾದ ಕ್ಷೇತ್ರಗಳಲ್ಲಿ ದುಡಿಯುವ, ಲಾಭದ ಉದ್ದೇಶವಿಲ್ಲದ ಸಂಘ ತನ್ನ ಸದಸ್ಯರಿಂದ ವರ್ಷಕ್ಕೆ ತಲಾ 1,000 ರೂಪಾಯಿವರೆಗೆ ಪಡೆಯುವ ಶುಲ್ಕಕ್ಕೆ ತೆರಿಗೆ ಇಲ್ಲ. 2018ರ ಜುಲೈನಲ್ಲಿ ಬಂದ ನಿಯಮ ಇದು. ಅದನ್ನು ದಾಟಿ 1,140 ಮಾಡಿ, ಅದಕ್ಕೆ ಶೇ 18 ತೆರಿಗೆ ಬಿದ್ದರೆ ಸದಸ್ಯರು ಕಟ್ಟುವುದು 1,345. ಸಂಘಕ್ಕೆ ಬರುವುದು ಅದೇ 1,140.

ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟದ ಸಂಘಕ್ಕೆ ನೋಂದಣಿಯೇ ಕಡ್ಡಾಯವಲ್ಲ. ಆದರೆ ರಾಜ್ಯ ಸಮ್ಮೇಳನ ನಡೆಸಿದ ವರ್ಷ ಸ್ಟಾಲ್ ಬಾಡಿಗೆ, ಪ್ರಾಯೋಜಕರ ಹಣ, ಪ್ರತಿನಿಧಿ ಶುಲ್ಕ ಸೇರಿ ಆ ಗಡಿ ದಾಟಬಹುದು. ಕೇರಳ ಹೈಕೋರ್ಟ್ 2025ರಲ್ಲಿ ಭಾರತೀಯ ವೈದ್ಯಕೀಯ ಸಂಘದ (ಐಎಂಎ) ಕೇರಳ ಶಾಖೆಯ ಪ್ರಕರಣದಲ್ಲಿ, ಸಂಘ ಸದಸ್ಯರಿಗೆ ಕೊಡುವ ಸೇವೆಗೆ ತೆರಿಗೆ ಹಾಕುವ ಕಲಮನ್ನು ಸಂವಿಧಾನಬಾಹಿರ ಎಂದಿದೆ. ಅದನ್ನು ನಂಬಿ ಇಲ್ಲಿ ಸುಮ್ನೆ ತೆರಿಗೆ ಬಿಡಬೇಡಿ. ನಿಮ್ಮ ಸಂಘಕ್ಕೆ ಯಾವುದು ಅನ್ವಯ ಅಂತ ಆಡಿಟರ್ ಹತ್ತಿರ ಬರಹದಲ್ಲೇ ಕೇಳಿ.

ಎಷ್ಟು ಜನ ಬಿಟ್ಟು ಹೋಗಬಹುದು?

800 ಇದ್ದದ್ದು 1,000 ಆದರೆ 400ರ ಬದಲು 320 ಜನ ಕಟ್ಟಿದರೂ ಅದೇ 3.2 ಲಕ್ಷ ಬರುತ್ತದೆ. ಅಂದರೆ 80 ಜನ ಹೋದರೂ ಹಣ ಕಮ್ಮಿಯಾಗದು. ಆದರೆ ಸಂಘದ ಬಲ ಇರುವುದು ಜನರಲ್ಲಿ. ಹಾಗಾಗಿ ಯಾರೂ ಹೋಗದ ಹಾಗೆ ಏರಿಸುವುದು ಮುಖ್ಯ.

20 ಜನ ಬಿಟ್ಟರು ಅಂತಲೇ ಲೆಕ್ಕ ಹಾಕಿ. 380 ಜನರಿಂದ 3.8 ಲಕ್ಷ, ಅಂದರೆ 60,000 ಜಾಸ್ತಿ. ಪತ್ರಿಕೆ ಮುದ್ರಣ, ಅಂಚೆಗೆ ತಲಾ 250 ಆಗುತ್ತಿದ್ದರೆ ಅಲ್ಲಿ 5,000 ಉಳಿತಾಯ. 1.35 ಲಕ್ಷದ ಕೊರತೆ ತುಂಬಲು ಇನ್ನೂ 70,000 ಬೇಕು. ಉಳಿದ 680 ಜನರಲ್ಲಿ ಅರ್ಧದಷ್ಟು ಜನ ಪತ್ರಿಕೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್ ಆಗಿ ಪಡೆಯಲು ಒಪ್ಪಿದರೆ 85,000 ಉಳಿಯುತ್ತದೆ. ಕೊರತೆ ತುಂಬಿತು, ಶುಲ್ಕವೂ ಸಾವಿರ ದಾಟಲಿಲ್ಲ. ಆಜೀವ ಸದಸ್ಯರೂ ಹಣ ಕೊಡದೆಯೇ ಕೈ ಜೋಡಿಸಿದಂತಾಯಿತು.

ಹೊಸದಾಗಿ ಪದವಿ ಮುಗಿಸಿದವರಿಗೆ ಮೊದಲ ಎರಡು ವರ್ಷ 500 ಇಡಿ. ಒಬ್ಬರು ಹೆಚ್ಚಾದರೆ ಆಗುವ ನೇರ ಖರ್ಚು 250 ಮಾತ್ರ, ಸಂಘಕ್ಕೆ ನಷ್ಟವಿಲ್ಲ.

ಸಭೆಗೆ ಹೋಗುವ ಮುಂಚೆ

ಶುಲ್ಕದ ಮೊತ್ತ ಬೈಲಾದಲ್ಲೇ ಬರೆದಿದೆಯೋ, ಕಾರ್ಯಕಾರಿ ಸಮಿತಿ ನಿಗದಿ ಮಾಡಬಹುದೋ ನೋಡಿ. ಬೈಲಾದಲ್ಲಿದ್ದರೆ ಮಹಾಸಭೆಯಲ್ಲಿ ತಿದ್ದುಪಡಿ ಆಗಬೇಕು. ಸಂಘ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಾಯಿತವಾಗಿದ್ದರೆ ತಿದ್ದುಪಡಿಯನ್ನು ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಗೆ ಸಲ್ಲಿಸಬೇಕು. ನೋಟಿಸಿನಲ್ಲಿ "ಶುಲ್ಕ ಪರಿಷ್ಕರಣೆ" ಅಂತ ಎರಡೇ ಪದ ಹಾಕಬೇಡಿ. ಈಗಿನ ದರ, ಹೊಸ ದರ, ಜಾರಿಯಾಗುವ ದಿನ, ಕೊರತೆಯ ಮೊತ್ತ ಎಲ್ಲವೂ ಅದರಲ್ಲಿರಲಿ. ಮೇಲಿನ ಲೆಕ್ಕವನ್ನು ಒಂದು ಪುಟದಲ್ಲಿ ಜೊತೆಗಿಡಿ. ಹಿಂದಿನ ಸಾಲಿನವರ ಪ್ರಶ್ನೆಗೆ ಉತ್ತರ ಮನೆಗೇ ತಲುಪಿರುತ್ತದೆ.

ಹೊಸ ದರ ಏಪ್ರಿಲ್ 1ರಿಂದ ಜಾರಿಯಾಗಲಿ. ಅದಕ್ಕೂ ಮುಂಚೆ ಹಳೆ ದರದಲ್ಲಿ ನವೀಕರಿಸಲು ಒಂದು ತಿಂಗಳು ಬಿಡಿ. ಜೂನ್ ಕೊನೆಗೆ ಪಟ್ಟಿ ತೆಗೆದು, ಯಾರು ಇನ್ನೂ ಕಟ್ಟಿಲ್ಲವೋ ಅವರಿಗೆ ಪದಾಧಿಕಾರಿಗಳೇ ಫೋನ್ ಮಾಡಿ ಮಾತಾಡಲಿ. ಗುಮಾಸ್ತರ ಕೈಲಿ ಮಾಡಿಸಬೇಡಿ.