ಆಗಸ್ಟ್ 15ರ ಖರ್ಚಿನ ಲೆಕ್ಕ ಕೇಳುವುದು ಹೇಗೆ?

ರಾಷ್ಟ್ರೀಯ ಹಬ್ಬದ ಖರ್ಚಿನ ಬಗ್ಗೆ ಬಾಯಿ ಬಿಟ್ಟರೆ ಸಾಕು, "ನಿಮಗೆ ದೇಶಭಕ್ತಿ ಇಲ್ವಾ?" ಅಂತ ಒಬ್ಬರಾದರೂ ಕೇಳುತ್ತಾರೆ. ಆ ಮಾತಿಗೆ ಹೆದರಿ ನಾನು ಮೂರು ವರ್ಷ ಸುಮ್ನೆ ಇದ್ದೆ. ಬಾವುಟ ಹಾರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಸುತ್ತ ಕಟ್ಟುವ ವೇದಿಕೆಗೆ ಎಷ್ಟು ಹೋಯಿತು, ಯಾರಿಗಾಗಿ ಹೋಯಿತು ಅಂತ ದುಡ್ಡು ಕೊಟ್ಟವರು ಕೇಳಬೇಕು. ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ನಾವು ಕೇಳಿದ್ದೇವೆ. ಜಗಳ ಆಗಲಿಲ್ಲ.

ಮೊದಲು ಒಂದು ವರ್ಷದ ಕಾರ್ಯಕ್ರಮವನ್ನು ಕಣ್ಣಾರೆ ನೋಡಿ ಬರೆದಿಟ್ಟುಕೊಳ್ಳಿ. ನಾನು ಪಾರ್ಕಿನಲ್ಲಿ ಪೆನ್ನು, ಪುಸ್ತಕ ಹಿಡಿದೇ ಕೂತಿದ್ದೆ. ಎಂಟು ಗಂಟೆಗೆ ಅಂದಿದ್ದರು, ಮುಖ್ಯ ಅತಿಥಿ ಬಂದಾಗ ಒಂಬತ್ತೂವರೆ. ಅಷ್ಟು ಹೊತ್ತೂ ಮಕ್ಕಳು ಬಿಳಿ ಬಟ್ಟೆಯಲ್ಲಿ ಜಿನುಗು ಮಳೆಗೆ ನಿಂತಿದ್ದರು, ಶಾಮಿಯಾನದ ಕೆಳಗಿನ ಕುರ್ಚಿಯೆಲ್ಲ ದೊಡ್ಡವರಿಗೆ. ಹಗ್ಗ ಎಳೆದರು, ಹೂವು ಉದುರಿತು, ಎಲ್ಲರೂ ರಾಷ್ಟ್ರಗೀತೆ ಹಾಡಿದೆವು. ಅದಕ್ಕೆ ಬೇಕಾದದ್ದು 52 ಸೆಕೆಂಡು. ಆಮೇಲೆ ಹದಿನಾಲ್ಕು ಜನಕ್ಕೆ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಅಂತ ಮುಕ್ಕಾಲು ಗಂಟೆ ಹಿಡಿಯಿತು. ಕಿತ್ತೂರು ಚೆನ್ನಮ್ಮನ ಬಗ್ಗೆ ಎರಡು ವಾರ ಕೂತು ಭಾಷಣ ಬಾಯಿಪಾಠ ಮಾಡಿದ್ದ ಪುಟ್ಟ ಹುಡುಗಿಗೆ ಮಾತ್ರ "ಟೈಮ್ ಆಯ್ತು ಪುಟ್ಟಾ, ಮುಂದಿನ ವರ್ಷ" ಅಂದುಬಿಟ್ಟರು.

ಎಲ್ಲರೂ ಹೋದ ಮೇಲೆ ಪೌರಕಾರ್ಮಿಕರೊಬ್ಬರು ಕೆಸರಿನಲ್ಲಿ ಅಂಟಿಕೊಂಡಿದ್ದ ಪುಟಾಣಿ ಬಾವುಟಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದರು. ಕೈತುಂಬ ಹಿಡಿದುಕೊಂಡು ನನ್ನ ಹತ್ತಿರ ಬಂದು, "ಇದನ್ನ ಕಸದ ಗಾಡಿಗೆ ಹಾಕಬಾರದು ಅಲ್ವಾ ಸಾರ್, ಎಲ್ಲಿಡಲಿ?" ಅಂದರು. ಅವತ್ತೇ ಲೆಕ್ಕ ಕೇಳಬೇಕು ಅಂತ ಗಟ್ಟಿ ಮಾಡಿಕೊಂಡೆ.

ಕೇಳಲು ಸರಿಯಾದ ಸಮಯ ಜೂನ್ ಅಥವಾ ಜುಲೈ ಮೊದಲ ವಾರ. ಶಾಮಿಯಾನದವರಿಗೆ ಅಡ್ವಾನ್ಸ್ ಕೊಟ್ಟ ಮೇಲೆ ಕೇಳಿ ಪ್ರಯೋಜನ ಇಲ್ಲ. ಕಾರ್ಯಕ್ರಮ ನಡೆಸುವ ಬಡಾವಣೆ ನಿವಾಸಿಗಳ ಸಂಘದ ಖಜಾಂಚಿಗೆ ಒಂದು ಪತ್ರ ಬರೆಯಿರಿ, ಐದಾರು ಮನೆಯವರ ಸಹಿ ಹಾಕಿಸಿ, ಹಿಂದಿನ ವರ್ಷದ ಬಿಲ್ಲುಗಳನ್ನು ತೋರಿಸಿ ಅಂತ ಕೇಳಿ. ಒಬ್ಬರೇ ಹೋದರೆ ಅದು ನಿಮ್ಮ ಸ್ವಂತ ತಕರಾರು ಆಗಿಬಿಡುತ್ತದೆ. ಬಿಲ್ಲು ಕೈಗೆ ಬಂದ ಮೇಲೆ ಮೂರು ಭಾಗ ಮಾಡಿ: ಬಾವುಟಕ್ಕೆ ಎಷ್ಟು, ಮಕ್ಕಳಿಗೆ ಎಷ್ಟು, ವೇದಿಕೆಗೆ ಎಷ್ಟು. ನಮ್ಮಲ್ಲಿ ಒಟ್ಟು 1,18,000 ರೂಪಾಯಿ. ಅದರಲ್ಲಿ ಬಾವುಟ, ಹಗ್ಗ, ಹೂವು, ಲಾಡು, ಮಕ್ಕಳ ಬಹುಮಾನ ಎಲ್ಲ ಸೇರಿ 11,000 ದಾಟಿರಲಿಲ್ಲ. ಉಳಿದದ್ದೆಲ್ಲ ಫ್ಲೆಕ್ಸ್, ಸೌಂಡ್ ಸಿಸ್ಟಂ, ಶಾಮಿಯಾನ, ಸನ್ಮಾನ. ಪಾರ್ಕಿನ ಶೌಚಾಲಯದ ಬಾಗಿಲು ಮುರಿದು ಅದೇ ಹೊತ್ತಿಗೆ ಎಂಟು ತಿಂಗಳಾಗಿತ್ತು.

ಸಭೆಯಲ್ಲಿ ಈ ಅಂಕಿಗಳನ್ನು ಓದಿ, ಅಷ್ಟೇ. ಯಾರ ಹೆಸರೂ ಎತ್ತಬೇಡಿ. ಜೊತೆಗೆ ನಿಮ್ಮ ಕಡೆಯಿಂದ ಒಂದು ಪಟ್ಟಿ ಇರಲಿ. ಪುಟಾಣಿ ಬಾವುಟಗಳ ಬದಲು ಒಂದೇ ದೊಡ್ಡ ಖಾದಿ ಬಾವುಟ ತನ್ನಿ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿಯುವಂಥದ್ದು. ಜೋಪಾನ ಮಾಡಿದರೆ ವರ್ಷ ವರ್ಷ ಬರುತ್ತದೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಸಿಕ್ಕಿದೆ, ಆದರೂ ನನ್ನ ಮನಸ್ಸು ಖಾದಿಗೇ. ಉದ್ದ ಅಗಲ 3:2 ಇರಬೇಕು. ಪ್ಲಾಸ್ಟಿಕ್ ಬಾವುಟವನ್ನಂತೂ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಕಾಗದದ ಬಾವುಟ ಹಂಚಲೇಬೇಕು ಅಂದರೆ, ವಾಪಸ್ ಹಾಕಲು ಗೇಟಿನ ಹತ್ತಿರ ಒಂದು ಪೆಟ್ಟಿಗೆ ಇಡಿ. ಅವನ್ನು ನೆಲದ ಮೇಲೆ ಬಿಸಾಡಬಾರದು ಅಂತ ಸಂಹಿತೆಯಲ್ಲೇ ಇದೆ.

ಇನ್ನು ಸರ್ಕಾರದ ದುಡ್ಡು. ಅದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ, ಹಾಗಾಗಿ ನಿಮ್ಮ ಮನೆ ಯಾವ ಪಾಲಿಕೆಗೆ ಬರುತ್ತದೆ ನೋಡಿಕೊಂಡು ಅಲ್ಲಿನ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. "ಯಾಕೆ ಇಷ್ಟು ಖರ್ಚು ಮಾಡಿದಿರಿ" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ, ಯಾಕಂದ್ರೆ ಈ ಕಾಯ್ದೆಯಲ್ಲಿ ಸಿಗುವುದು ಕಡತದಲ್ಲಿರುವ ದಾಖಲೆ. ಹೀಗೆ ಬರೆಯಿರಿ: "ಇಂಥ ದಿನದ ಸ್ವಾತಂತ್ರ್ಯ ದಿನಾಚರಣೆಗೆ ಆದ ಒಟ್ಟು ವೆಚ್ಚ, ಯಾವ ಲೆಕ್ಕ ಶೀರ್ಷಿಕೆಯಿಂದ, ಪ್ರತಿ ಬಿಲ್ಲಿನ ನಕಲು, ಟೆಂಡರ್ ಕರೆದಿದ್ದರೆ ಅದರ ನಕಲು, 4(ಜಿ) ವಿನಾಯಿತಿ ಪಡೆದಿದ್ದರೆ ಆ ಆದೇಶದ ನಕಲು." 4(ಜಿ) ಅಂದರೆ ಟೆಂಡರ್ ಕರೆಯದೆ ಕೆಲಸ ಕೊಡಲು ಸಿಗುವ ವಿನಾಯಿತಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ, ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅರ್ಜಿಯ ಜೆರಾಕ್ಸ್, ರಶೀದಿ ಎರಡೂ ಇಟ್ಟುಕೊಳ್ಳಿ.

ಖರ್ಚಾದದ್ದೆಲ್ಲ ದಂಡ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಹೋಗಬೇಡಿ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಟಿಕೆಟ್ ಇದೆ, ಅಂಥ ಕಡೆ ಆದಾಯವನ್ನೂ ಕೇಳಿ. ಮಾಣೆಕ್ ಷಾ ಮೈದಾನದ ಪೆರೇಡಿನಲ್ಲಿ ಹೆಜ್ಜೆ ಹಾಕಿದ ಮಗುವಿಗೆ ಆ ದಿನ ಜೀವನಪೂರ್ತಿ ನೆನಪಿರುತ್ತದೆ. ಅದಕ್ಕೆ ಆಗುವ ಖರ್ಚು ನನಗೆ ಜಾಸ್ತಿ ಅನ್ನಿಸುವುದಿಲ್ಲ.

ಮರುವರ್ಷ ನಮ್ಮ ಪಾರ್ಕಿನಲ್ಲಿ ವೇದಿಕೆ ಹಾಕಲಿಲ್ಲ, ಎಂಟಕ್ಕೆ ಸರಿಯಾಗಿ ಬಾವುಟ ಏರಿತು. ಮೊದಲು ಮಾತಾಡಿದ್ದು ಆ ಹುಡುಗಿ. ಖರ್ಚಿನ ಹಾಳೆಯನ್ನು ಅದೇ ವಾರ ನೋಟಿಸ್ ಬೋರ್ಡಿಗೆ ಅಂಟಿಸಿದೆವು, ಉಳಿದ ದುಡ್ಡಿನಲ್ಲಿ ಶೌಚಾಲಯಕ್ಕೆ ಬಾಗಿಲು ಬಂತು. ಸನ್ಮಾನ ನಿಂತದ್ದಕ್ಕೆ ಇಬ್ಬರು ಹಿರಿಯರು ನೊಂದುಕೊಂಡು ಕಾರ್ಯಕ್ರಮಕ್ಕೇ ಬರಲಿಲ್ಲ, ಅದು ನನಗೆ ಇವತ್ತಿಗೂ ಬೇಜಾರು. ಈ ಸಲ ಜುಲೈನಲ್ಲೇ ಅವರ ಮನೆಗೆ ಹೋಗಿ ಕರೆಯಬೇಕು.