ಊಟ ಆಯಿತಾ ಎಂದು ಕೇಳಿ, ಲೆಕ್ಕದ ಜೊತೆಗೇ ಕೇಳಿ

ರಾತ್ರಿ ಹತ್ತಕ್ಕೆ ಮೊಬೈಲ್ ಟಣ್ ಎನ್ನುತ್ತದೆ. ‘ಅಕ್ಕಾ.’ ಅಷ್ಟೇ. ‘ಹೇಳು’ ಎನ್ನುತ್ತೇನೆ. ಐದು ನಿಮಿಷ ಬಿಟ್ಟು ‘ಊಟ ಆಯಿತಾ?’ ಆಯಿತು. ಮತ್ತೆ ಐದು ನಿಮಿಷಕ್ಕೆ ‘ಬಿಡುವಾಗಿದ್ದೀರಾ?’ ಲೆಕ್ಕ ಹೊರಬೀಳುವ ಹೊತ್ತಿಗೆ ನನಗೆ ಆಕಳಿಕೆ. ನಾನು ಬಿ.ಎಸ್ಸಿ. ಕೊನೆಯ ವರ್ಷದವಳು, ಹನುಮಂತನಗರದ ನಮ್ಮ ಬೀದಿಯ ಪಿಯುಸಿ ಮಕ್ಕಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಕುಶಲ ವಿಚಾರಿಸುವುದು ಬೇಡವೆನ್ನುವವಳಲ್ಲ. ಅದನ್ನು ಕಂತಿನಲ್ಲಿ ಕಳುಹಿಸಬೇಡಿ, ಅಷ್ಟೇ.

ಕುಶಲ, ಪ್ರಶ್ನೆ, ನೀವು ಮಾಡಿ ನೋಡಿದ್ದು ಮೂರೂ ಒಂದೇ ಸಂದೇಶದಲ್ಲಿರಲಿ. ಕಾರ್ತಿಕದ ಒಂದು ಸಂಜೆ ಒಬ್ಬ ಹುಡುಗ ಬರೆದಿದ್ದ: ‘ಅಕ್ಕಾ, ನಿಮ್ಮಲ್ಲೂ ಕರೆಂಟ್ ಹೋಯಿತಾ? ಪೀನ ಮಸೂರ, ಸಂಗಮದೂರ 20 ಸೆಂ.ಮೀ., ವಸ್ತು 30 ಸೆಂ.ಮೀ. ದೂರದಲ್ಲಿದೆ. ಪ್ರತಿಬಿಂಬ ನನಗೆ 12ಕ್ಕೆ ಬರುತ್ತಿದೆ, ಪುಸ್ತಕದಲ್ಲಿ 60.’

ಆ 12 ಕಂಡ ಕೂಡಲೇ ಕಳ್ಳ ಸಿಕ್ಕಿಬಿದ್ದ. ವಸ್ತುವಿನ ದೂರಕ್ಕೆ ಋಣಚಿಹ್ನೆ ಹಾಕಿಲ್ಲ. 1/20ರಿಂದ 1/30 ಕಳೆಯುವ ಬದಲು ಕೂಡಿದ್ದಾನೆ. ಬರೀ ‘ಮಸೂರದ ಲೆಕ್ಕ ಬರುತ್ತಿಲ್ಲ’ ಎಂದಿದ್ದರೆ ನಾನು ಸೂತ್ರದಿಂದ ಪುರಾಣ ತೆಗೆಯಬೇಕಿತ್ತು. ‘ಇಲ್ಲೂ ಕತ್ತಲೆ. ನಿನ್ನ ಮೈನಸ್ ಎಲ್ಲಿ ಹೋಯಿತು?’ ಎಂದೆ. ‘ಅದೂ ಕರೆಂಟಿನ ಜೊತೆ ಹೋಗಿದೆ’ ಎಂದ. ಇಂಥವನೊಡನೆ ಹರಟಲು ನನಗೂ ಇಷ್ಟ.

ಅಂಕಿ ತಪ್ಪಾಗಿ ಒತ್ತಿದ್ದರೆ 15 ನಿಮಿಷದೊಳಗೆ ಅದೇ ಸಂದೇಶವನ್ನು ತಿದ್ದಬಹುದು. ಆದರೆ ನಾನು ಆಗಲೇ ಉತ್ತರಿಸತೊಡಗಿದ್ದರೆ ಸದ್ದಿಲ್ಲದೆ ತಿದ್ದಬೇಡಿ. 20ರ ಜಾಗದಲ್ಲಿ 200 ಇತ್ತೆಂದು ಹೇಳಿಬಿಡಿ.

ಇನ್ನು ಸಹಾಯ ಮಾಡುವವರಿಗೆ. ಮಳೆ, ಬಸ್ಸು, ಬಸವನಗುಡಿಯ ಕಡಲೆಕಾಯಿ ಪರಿಷೆ, ಏನಾದರೂ ಮಾತಾಡಿ. ‘ಕಳೆದ ಪರೀಕ್ಷೆಯಲ್ಲಿ ಎಷ್ಟು ಬಂತು?’ ಎಂದು ಮಾತ್ರ ಕೇಳಬೇಡಿ. ಗೊತ್ತಿಲ್ಲವೆಂದು ಒಪ್ಪಿಕೊಂಡು ಬಂದವನಿಗೆ ಅದು ಕುಶಲಪ್ರಶ್ನೆಯಲ್ಲ, ವಿಚಾರಣೆ. ‘ಇದು ಸುಲಭ’ ಎಂಬ ಮಾತೂ ಹಾಗೆಯೇ. ನಾನೇ ಒಮ್ಮೆ ಹಾಗೆಂದು, ಒಬ್ಬ ಹುಡುಗಿ ಎರಡು ತಿಂಗಳು ಏನನ್ನೂ ಕೇಳಲಿಲ್ಲ.

ಲೆಕ್ಕ ಬಿಡಿಸಿಕೊಂಡವರು ಕೈಮುಗಿಯುವ ಚಿತ್ರ ಹಾಕಿ ಮಾಯವಾಗಬೇಡಿ, ಎಲ್ಲಿ ಎಡವಿದಿರೆಂದು ಒಂದು ಸಾಲು ಬರೆಯಿರಿ. ಮಸೂರದ ಹುಡುಗ ಮರುದಿನ ಬರೆದ: ‘60 ಬಂತು. ಮೈನಸ್ಸಿಗೆ ಕೆಂಪು ಶಾಯಿ ಹಾಕಿದ್ದೇನೆ. ಪರಿಷೆಗೆ ಹೋಗಿದ್ದೆವು, ನಿಮ್ಮ ಗೇಟಿಗೆ ಕಡಲೆಕಾಯಿ ಚೀಲ ಸಿಕ್ಕಿಸಿದ್ದೇನೆ, ಹಸು ಬರುವುದರೊಳಗೆ ತೆಗೆದುಕೊಳ್ಳಿ.’